ಯಾರು ಮಲಗಿದ ಗಾದಿ

ಹಳೆಯ ಗಾದಿಯನ್ನು ಹಿಂಜಿ ಹೊಸದಾಗಿ ಹೊಲಿದು ಕೊಡಿ ಎಂದು ಯಾರಾದರೂ ನಮ್ಮ ಅಂಗಡಿಗೆ ತಂದರೆ ನಾವು ಮೊದಲು ಕೇಳುವುದು ಅಳತೆಯನ್ನಲ್ಲ. "ಯಾರು ಮಲಗಿದ ಗಾದಿರಿ ಇದು?" ಎಂದು ಕೇಳುತ್ತೇವೆ. ಮದುವೆಯಾಗಿ ರಾಣೆಬೆನ್ನೂರಿಗೆ ಬಂದ ವಾರದಲ್ಲೇ ಅತ್ತೆ ನನಗೆ ಕಲಿಸಿದ ಪಾಠ ಅದು. ಬಾಣಂತಿ ಮಲಗಿದ್ದಾದರೆ ಅಡ್ಡಿಯಿಲ್ಲ. ಮುದುಕರು ಮಲಗಿ ಹೋದದ್ದಾದರೆ ಎರಡು ದಿನ ಬಿಸಿಲಿಗೆ ಹಾಕಬೇಕು. ಕ್ಷಯದವರು ಮಲಗಿದ್ದಾದರೆ ಮುಟ್ಟಲೇಬಾರದು. ಹಿಂಜುವಾಗ ಅರಳೆಯ ಧೂಳು ಹಾರಿ ಮೂಗು ಬಾಯಿಗೆ ಹೋಗುತ್ತದೆ, ಬೇನೆಯೂ ಅದರ ಜೊತೆಗೇ ಒಳಗೆ ಹೋಗುತ್ತದೆ ಎಂದು ಅತ್ತೆ ನಂಬಿದ್ದರು. ಅವರ ಅತ್ತೆಯೂ ಹಾಗೇ ನಂಬಿದ್ದರಂತೆ.

ನಾವು ಪಿಂಜಾರರು. ಮನೆಯಲ್ಲಿ ಕನ್ನಡವನ್ನೇ ಆಡುತ್ತೇವೆ, ಬೀಗರು ಬಂದಾಗ ಮಾತ್ರ ಉರ್ದು ಹೊರಗೆ ಬರುತ್ತದೆ. ನನ್ನ ಹೆಸರು ಮಾಬೂಬಿ. ಗಂಡ ಹುಸೇನಸಾಬ ಹಿಂಜುವ ಮಷೀನಿಗೆ ಅರಳೆ ಕೊಡುತ್ತಾರೆ, ನಾನು ದಬ್ಬಳ ಹಿಡಿದು ಗಾದಿ ಹೊಲಿಯುತ್ತೇನೆ, ಅತ್ತೆ ಕಾಸಿಂಬಿ ಅಂಗಡಿಯ ಬಾಗಿಲಲ್ಲಿ ಕುಳಿತು ಬಂದವರನ್ನು ವಿಚಾರಿಸುತ್ತಾರೆ. ಮಕ್ಕಳಿಲ್ಲ. ಆ ಕಥೆ ಬೇರೆ, ಇಲ್ಲಿ ಬೇಡ. ಇಲ್ಲಿ ಬರೆಯುತ್ತಿರುವುದು ನನ್ನ ಹೃದಯಕ್ಕೆ ಬಂದ ಬೇನೆಯನ್ನು. ಅದು ಬಂದಾಗ ಅದನ್ನು ಅನುಭವಿಸಿದ ಇನ್ನೊಬ್ಬರು ನನಗೆ ಸಿಕ್ಕಿರಲಿಲ್ಲ. ನಾನು ಹುಡುಕಲೂ ಇಲ್ಲ, ಹುಡುಕಬೇಕಾದರೆ ಬೇನೆಯ ಹೆಸರು ಹೇಳಬೇಕಿತ್ತು.

ಬೇನೆಗಿಂತ ಎರಡು ವರ್ಷ ಹಿಂದಿನ ಒಂದು ದಿನವನ್ನು ಮೊದಲು ಹೇಳಬೇಕು. ಅತ್ತೆ ಯಾರದೋ ಮದುವೆಗೆ ಹೋಗಿದ್ದರು, ಬಾಗಿಲಲ್ಲಿ ನಾನು ಕುಳಿತಿದ್ದೆ. ಕುಪ್ಪೇಲೂರಿನಿಂದ ಗಂಗವ್ವ ಎಂಬ ಹೆಣ್ಣುಮಗಳು ಟಂಟಂ ಆಟೋದಲ್ಲಿ ಗಾದಿ ಹಾಕಿಕೊಂಡು ಬಂದಳು. ನನಗಿಂತ ನಾಲ್ಕೈದು ವರ್ಷ ದೊಡ್ಡವಳಿರಬೇಕು. ಇಬ್ಬರು ಮಲಗುವ ದೊಡ್ಡ ಗಾದಿ, ನೀಲಿ ಪಟ್ಟೆಯ ಬಟ್ಟೆ.

"ಯಾರು ಮಲಗಿದ ಗಾದಿರಿ?" ಎಂದೆ.

"ನಮ್ಮ ಮನಿಯವ್ರು ಮಲಗತಿದ್ರು. ತೀರಿಕೊಂಡ್ರು."

"ಏನಾಗಿತ್ರಿ?"

ಅವಳು ಸುಳ್ಳು ಹೇಳಬಹುದಿತ್ತು. ಎಷ್ಟೋ ಜನ ಹೇಳುತ್ತಾರೆ. "ಟಿ.ಬಿ. ಆಗಿತ್ರಿ," ಎಂದಳು.

"ಹಂಗಾದ್ರ ನಾವು ಹಿಂಜಂಗಿಲ್ರಿ. ಸುಟ್ಟಬಿಡ್ರಿ ಅದನ್ನ."

"ಅರಳಿ ಚೊಲೋ ಐತ್ರಿ ಇನ್ನೂ. ನಮ್ಮ ಹೊಲದ್ದು. ಮದುವಿ ವ್ಯಾಳ್ಯಾದಾಗ ತುಂಬಿಸಿದ್ದು."

"ಚೊಲೋ ಇದ್ರೂ ಸುಡ್ರಿ."

ಅವಳು ಗಾದಿಗೆ ಮತ್ತೆ ಹಗ್ಗ ಬಿಗಿದಳು. ಒಂದು ಮೂಲೆ ಜಾರಿ ನೆಲಕ್ಕೆ ತಾಗಿತು. ನಾನು ಕೈ ಹಚ್ಚಲಿಲ್ಲ, ಮುಟ್ಟಬಾರದಲ್ಲ. ಟಂಟಂನವನೂ ಅವಳೂ ಸೇರಿ ಎತ್ತಿ ಹಾಕಿಕೊಂಡು ಹೋದರು. ನಾನು ಒಳಗೆ ಬಂದು ಚಹಾಕ್ಕೆ ಇಟ್ಟೆ. ಸಂಜೆ ಅತ್ತೆಗೆ ಹೇಳಿದಾಗ, "ಚೊಲೋ ಮಾಡಿದಿ," ಎಂದರು. ಆಮೇಲೆ ಅದನ್ನು ಮರೆತೆ. ಮರೆಯದಿರಲು ಅದರಲ್ಲಿ ನನಗೆ ಅಂಥದ್ದೇನೂ ಕಂಡಿರಲಿಲ್ಲ.

ನನ್ನ ಬೇನೆ ಕೆಮ್ಮಿನಿಂದ ಶುರುವಾಯಿತು. ನಮ್ಮ ಮನೆಯಲ್ಲಿ ಕೆಮ್ಮನ್ನು ಯಾರೂ ಬೇನೆ ಎಂದು ಎಣಿಸುವುದಿಲ್ಲ. "ಪಿಂಜಾರರ ಮನ್ಯಾಗ ಕೆಮ್ಮದೋರು ಯಾರದಾರ?" ಎಂದು ನಮ್ಮ ಮನೆಯವರು, ಹುಸೇನಸಾಬರು, ನಕ್ಕರು. ದೀಪಾವಳಿ ಕಳೆದು ಮದುವೆಯ ಗಾದಿಗಳ ಕೆಲಸ ಏರಿತ್ತು, ನಕ್ಕು ಬಿಡುವುದು ನನಗೂ ಅನುಕೂಲವಾಗಿತ್ತು. ಸಂಜೆಯಾದರೆ ಮೈ ಬಿಸಿ. ಓಣಿಯ ಡಾಕ್ಟರು ಧೂಳಿನ ಅಲರ್ಜಿ ಎಂದು ಬಾಯಿಗೆ ಹೊಡೆದುಕೊಳ್ಳುವ ಪಂಪು ಕೊಟ್ಟರು. ಒಂದು ತಿಂಗಳು ಹೊಡೆದುಕೊಂಡೆ. ಅದರಿಂದ ನಾಲಿಗೆಯ ರುಚಿ ಹೋಯಿತು, ಉಸಿರು ಮಾತ್ರ ಬರಲಿಲ್ಲ.

ಆಮೇಲೆ ಮಲಗಲು ಆಗದಂತಾಯಿತು. ಬೆನ್ನು ನೆಲಕ್ಕೆ ಹಚ್ಚಿದರೆ ಎದೆಯ ಮೇಲೆ ಯಾರೋ ಕುಳಿತ ಹಾಗೆ ಆಗುತ್ತಿತ್ತು. ಊರಿಗೆಲ್ಲ ಗಾದಿ ಹೊಲಿದು ಕೊಡುವವಳು ಎರಡು ತಿಂಗಳು ಗಾದಿಯ ಮೇಲೆ ಮಲಗಲಿಲ್ಲ. ಅರಳೆಯ ಪಿಂಡಿಗೆ ಒರಗಿ ಕುಳಿತೇ ಕಣ್ಣು ಮುಚ್ಚುತ್ತಿದ್ದೆ. ಪಾದ ಬಾತು ಚಪ್ಪಲಿ ಹಿಡಿಯದಾಯಿತು. ಒಂದು ಬೆಳಿಗ್ಗೆ ಅತ್ತೆ ನನ್ನ ಕಾಲು ಹಿಡಿದು ಹೆಬ್ಬೆರಳಿನಿಂದ ಒತ್ತಿ ನೋಡಿದರು. ಒತ್ತಿದಲ್ಲಿ ಕುಳಿ ಹಾಗೇ ಉಳಿಯಿತು.

"ಹಿಟ್ಟಿನ್ಯಾಗ ಒತ್ತಿದಾಂಗ ಆಗೇತಲ್ಲ. ಇದು ಧೂಳಿನ ಬ್ಯಾನಿ ಅಲ್ಲಬೇ," ಎಂದರು. ಮಗನ ಕಡೆ ತಿರುಗಿ, "ಮಷೀನ್ ಬಂದ್ ಮಾಡು. ಹಾವೇರಿಗೆ ಕರಕೊಂಡ ಹೋಗು," ಎಂದರು. ಹಂಗಾಮಿನಲ್ಲಿ ಅವರು ಮಷೀನು ನಿಲ್ಲಿಸಲು ಹೇಳಿದ್ದನ್ನು ನಾನು ಅದೇ ಮೊದಲು ಕೇಳಿದ್ದು.

ಹಾವೇರಿಯ ಆಸ್ಪತ್ರೆಯಲ್ಲಿ ಕುರ್ಚಿಗಳನ್ನು ಕಬ್ಬಿಣದ ಪಟ್ಟಿಯಿಂದ ಸಾಲಾಗಿ ಕಟ್ಟಿದ್ದರು. ಒಬ್ಬರು ಎದ್ದರೆ ಎಲ್ಲರೂ ಅಲುಗಬೇಕು. ನನ್ನ ಪಕ್ಕದಲ್ಲಿ ಐರಣಿಯಿಂದ ಬಂದ ಒಬ್ಬ ಅಜ್ಜ ಕುಳಿತಿದ್ದ. ನನ್ನ ಉಸಿರಾಟವನ್ನು ಬಹಳ ಹೊತ್ತು ನೋಡಿದವನು ತನ್ನ ಚೀಟಿಯನ್ನು ನನ್ನ ಕೈಗಿಟ್ಟ. "ನನ್ನ ನಂಬರ್ ಮೊದಲ ಐತಿ. ನೀ ಹೋಗವ್ವ. ನಂದು ಬರೇ ಮೊಣಕಾಲು, ಅದು ಎಲ್ಲಿಗೂ ಓಡಿ ಹೋಗೂದಿಲ್ಲ," ಎಂದ. ಆ ಚೀಟಿಯಿಂದ ನನಗೆ ಎರಡು ತಾಸು ಉಳಿಯಿತು. ಅವನ ಹೆಸರನ್ನು ಕೇಳಬೇಕಿತ್ತು, ಕೇಳಲಿಲ್ಲ.

ಎಕ್ಸರೇ ತೆಗೆಯುವವನು ನನ್ನನ್ನು ಎರಡು ಸಲ ನಿಲ್ಲಿಸಿದ. ಆಮೇಲೆ ಚಿತ್ರ ನೋಡಿದ ಡಾಕ್ಟರು ಇನ್ನೊಂದು ಕೋಣೆಗೆ ಕಳಿಸಿದರು. ಅಲ್ಲಿ ಎದೆಗೆ ತಣ್ಣನೆಯದೇನೋ ಸವರಿ ಯಂತ್ರ ಒತ್ತಿದರು. ಪರದೆಯ ಮೇಲೆ ನನ್ನ ಹೃದಯ ಕಂಡಿತು. ತುಂಬಿದ ಕೊಡದಲ್ಲಿ ಬಿದ್ದ ನಿಂಬೆಹಣ್ಣಿನಂತೆ ಅದು ಆ ಕಡೆ ಈ ಕಡೆ ತೇಲಾಡುತ್ತಿತ್ತು. ಸುತ್ತ ಎಲ್ಲ ಕಪ್ಪು, ಆ ಕಪ್ಪೆಲ್ಲ ನೀರಂತೆ.

"ರಾಣೆಬೆನ್ನೂರಿಂದ ಹೆಂಗ ಬಂದ್ರಿ?" ಎಂದು ಡಾಕ್ಟರು ಕೇಳಿದರು.

"ಬಸ್ಸಿನ್ಯಾಗರಿ. ನಿಂತು."

"ಇಷ್ಟು ನೀರು ಇಟಗೊಂಡು ನಿಂತು ಬಂದ್ರ್ಯಾ?"

"ಸೀಟು ಸಿಗಲಿಲ್ರಿ," ಎಂದೆ. ಅವರು ನಗಲಿಲ್ಲ. ನಾನೂ ನಗಿಸಲು ಹೇಳಿರಲಿಲ್ಲ.

ಆ ಮಧ್ಯಾಹ್ನವೇ ಎದೆಯ ಗೂಡಿನ ಕೆಳಗೆ ಸೂಜಿ ಹಾಕಿ ನೀರು ತೆಗೆಯಬೇಕೆಂದರು. ನಮ್ಮ ಮನೆಯವರ ಕೈಯಲ್ಲಿ ಕಾಗದಕ್ಕೆ ಸಹಿ ಹಾಕಿಸಿಕೊಂಡರು. ಅವರು ಬರೆದ ಹೆಸರಿನ ಕೊನೆಯ ಅಕ್ಷರ ಗೆರೆಯ ಹೊರಗೆ ಹೋಯಿತು. ನನಗೆ ಹೆದರಿಕೆ ಆಗಲಿಲ್ಲ. ಧೈರ್ಯದಿಂದಲ್ಲ, ಒಳಗೆ ಏನೂ ಇರಲಿಲ್ಲ. ನಾನು ಸೂಜಿಯನ್ನು ನೋಡಿದೆ. ನಮ್ಮ ದಬ್ಬಳಕ್ಕಿಂತ ತೆಳು, ಆದರೆ ಉದ್ದ ಅಷ್ಟೇ ಇತ್ತು. ಹಾಕುವವರ ಕೈ ಗಟ್ಟಿಯಾಗಿದೆಯೋ ಇಲ್ಲವೋ ಎಂದು ಮಾತ್ರ ಗಮನಿಸಿದೆ. ಗಟ್ಟಿಯಾಗಿತ್ತು. ಹಾಲು ಹಾಕದ ಚಹಾದ ಬಣ್ಣದ ನೀರು ಬಾಟಲಿಗೆ ಇಳಿಯಿತು. ಒಂದು ಬಾಟಲಿ ತುಂಬಿ ಇನ್ನೊಂದನ್ನು ಹಚ್ಚಿದರು. ಅದು ಇಳಿಯುತ್ತ ಹೋದಂತೆ ನನ್ನ ಉಸಿರು ತಾನೇ ಒಳಗೆ ಬರತೊಡಗಿತು. ಆ ಸಂಜೆ ಮಂಚದ ಮೇಲೆ ಚಪ್ಪಟೆಯಾಗಿ ಮಲಗಿದೆ. ಆಸ್ಪತ್ರೆಯ ಗಾದಿ, ನಡುವೆ ತಗ್ಗು ಬಿದ್ದಿತ್ತು, ಹೊಲಿಗೆ ದೂರ ದೂರ. ಅಂಥದ್ದರ ಮೇಲೆ ಸುಖವಾಗಿ ನಿದ್ದೆ ಮಾಡಿದೆ.

ಮೂರು ದಿನದ ಮೇಲೆ ನೀರಿನ ಪರೀಕ್ಷೆ ಬಂತು. ಹೇಳಿದವರು ಒಬ್ಬ ಹೆಣ್ಣು ಡಾಕ್ಟರು, ವಯಸ್ಸು ಮೂವತ್ತರ ಮೇಲೆ ಇರಲಿಕ್ಕಿಲ್ಲ. ನಮ್ಮ ಉದ್ಯೋಗವೇನೆಂದು ಮೊದಲು ಕೇಳಿದರು. ಆಮೇಲೆ, "ಹೃದಯದ ಸುತ್ತ ಒಂದು ತೆಳು ಚೀಲ ಇರ್ತದರಿ. ದಿಂಬಿಗೆ ಗಲೀಫು ಹಾಕಿದಾಂಗ. ನಿಮಗ ಆ ಗಲೀಫಿಗೆ ಟಿ.ಬಿ. ಆಗೇದ," ಎಂದರು.

ನಮ್ಮ ಮನೆಯವರು ಎದ್ದು ನಿಂತರು, ಮತ್ತೆ ಕುಳಿತರು. "ಟಿ.ಬಿ. ಎದಿಗೆ ಆಗತೈತಲ್ರಿ?"

"ಎಲ್ಲಿ ಬೇಕಾದ್ರೂ ಆಗ್ತದರಿ. ಇವರ ಪುಪ್ಪುಸ ಸ್ವಚ್ಛ ಅದ. ಇವರಿಂದ ಯಾರಿಗೂ ಹತ್ತೂದಿಲ್ಲ. ಆರು ತಿಂಗಳು ಗುಳಿಗಿ ತಪ್ಪಿಸಬ್ಯಾಡ್ರಿ, ಆರಾಮ ಆಗ್ತಾರ. ಗಲೀಫು ಗಟ್ಟಿ ಆಗಿ ಹೃದಯಾನ ಹಿಡಕೋಬಾರದು, ಅದೊಂದು ನೋಡ್ಕೋತ ಇರಬೇಕು."

ನನಗೆ ಕೇಳಿಸಿದ್ದು ಒಂದೇ ಮಾತು. ಆ ಮಾತಿನ ಜೊತೆಗೆ ನೀಲಿ ಪಟ್ಟೆಯ ಗಾದಿ ಕಣ್ಣ ಮುಂದೆ ಬಂತು. ಎರಡು ವರ್ಷ ಒಮ್ಮೆಯೂ ಬರದಿದ್ದದ್ದು ಆಗ ಬಂತು. ಅಳು ಬರಬಹುದೆಂದು ಕಾದೆ, ಬರಲಿಲ್ಲ. ಹೊರಗೆ ಯಾರೋ ಸೇಂಗಾ ಮಾರುತ್ತಿದ್ದರು, ಆ ಕೂಗನ್ನು ಕೇಳುತ್ತ ಕುಳಿತೆ.

ಮನೆಗೆ ಬರುವ ದಿನ ಬಸ್‌ ನಿಲ್ದಾಣದಲ್ಲಿ ನಮ್ಮ ಮನೆಯವರು ನನ್ನನ್ನು ಒಂದು ಕಂಬದ ಮರೆಗೆ ಕರೆದರು. "ಹಾರ್ಟಿನ್ಯಾಗ ನೀರು ತುಂಬಿತ್ತು ಅಂತ ಹೇಳೂಣು. ಸುಳ್ಳಲ್ಲ ಅದು," ಎಂದರು.

"ಅತ್ತಿಗೆ?"

"ಅವ್ವಗೂ ಅಷ್ಟ. ಆಕಿ ಬಾಗಿಲದಾಗ ಕುಂದ್ರತಾಳ. ಆಕಿ ಬಾಯಿಂದ ಹ್ವಾದ್ರ ನಮ್ಮ ಅಂಗಡಿಗೆ ಯಾರು ಗಾದಿ ತರತಾರ? ನಾವ ಮಂದಿಗೆ ಕೇಳಿದಾಂಗ ಮಂದಿ ನಮ್ಮನ್ನ ಕೇಳತಾರ."

ಅವರು ಹೇಳಿದ್ದರಲ್ಲಿ ತಪ್ಪು ಕಾಣಲಿಲ್ಲ. ಅಂಗಡಿಯ ಕಥೆ ಹಾಗಿರಲಿ, ಅತ್ತೆ ನನ್ನನ್ನು ಮನೆಯಲ್ಲಿ ಇಟ್ಟುಕೊಳ್ಳುವರೇ ಎಂಬುದು ನನ್ನ ಲೆಕ್ಕವಾಗಿತ್ತು. ಕ್ಷಯದವರ ಗಾದಿಯನ್ನೇ ಹೊಸ್ತಿಲು ದಾಟಿಸದವರು ಕ್ಷಯದವಳನ್ನು ಒಳಗೆ ಬಿಡುವರೆಂದು ನಾನು ಹೇಗೆ ನಂಬಲಿ? "ಆತು," ಎಂದೆ.

ಹೀಗೆ ನಾನು ಹಾರ್ಟ್ ಪೇಶಂಟ್ ಆದೆ. ಹೃದಯದ ಬೇನೆಗೆ ಮಂದಿಯಲ್ಲಿ ಒಳ್ಳೆಯ ಮರ್ಯಾದೆ ಇದೆ, ಅದನ್ನು ಆಗ ಕಂಡೆ. ಬೀಗರು ಮೋಸಂಬಿ ತಂದರು. ಓಣಿಯವರು ಬಂದು ದನಿ ತಗ್ಗಿಸಿ ಮಾತಾಡಿದರು. ಅತ್ತೆ ನನ್ನ ತಾಟಿನಿಂದ ಉಪ್ಪಿನಕಾಯಿ ತೆಗೆದರು, ನೀರಿನ ಕೊಡ ತಾವೇ ಎತ್ತಿದರು. "ಹಾರ್ಟಿನೋರು ಭಾರ ಎತ್ತಬಾರದು," ಎನ್ನುತ್ತಿದ್ದರು. ಎಪ್ಪತ್ತು ದಾಟಿದ ಹೆಂಗಸು ನೀರು ಹೊರುವುದನ್ನು ನಾನು ಕುಳಿತು ನೋಡುತ್ತಿದ್ದೆ. ಗುಳಿಗೆಯಿಂದ ನನ್ನ ಮುಖ ಬಾತು ದುಂಡಗಾಯಿತು. "ಮುಖಕ್ಕ ಕಳೆ ಬಂದೈತಿ," ಎಂದು ಎಲ್ಲರೂ ಸಂತೋಷಪಟ್ಟರು.

ರಾಣೆಬೆನ್ನೂರಿನ ಸರ್ಕಾರಿ ಆಸ್ಪತ್ರೆಯಲ್ಲಿ ಗುಳಿಗೆ ತೆಗೆದುಕೊಂಡರೆ ಯಾರಾದರೂ ನೋಡುತ್ತಾರೆಂದು ಬ್ಯಾಡಗಿಯ ನಮ್ಮಣ್ಣನ ವಿಳಾಸ ಬರೆಸಿದ್ದೆವು. ಅಣ್ಣ ದಾವಲಸಾಬ ಅಲ್ಲಿ ಮೆಣಸಿನಕಾಯಿ ಪೇಟೆಯಲ್ಲಿ ಚೀಲ ತೂಗುತ್ತಾನೆ. ತಿಂಗಳಿಗೊಮ್ಮೆ ತವರಿಗೆ ಹೋಗುವ ನೆಪ. ಅವನು ಗುಳಿಗೆಗಳನ್ನು ಮೆಣಸಿನಕಾಯಿಯ ಸಣ್ಣ ಚೀಲದ ತಳದಲ್ಲಿಟ್ಟು ಕೊಡುತ್ತಿದ್ದ. ಬೆಳಿಗ್ಗೆ ಬರಿಹೊಟ್ಟೆಗೆ ನುಂಗುವಾಗ ಅವಕ್ಕೆ ಮೆಣಸಿನಕಾಯಿಯ ವಾಸನೆ ಇರುತ್ತಿತ್ತು. ಮೊದಲ ದಿನ ಮೂತ್ರ ಕೆಂಪಗಾದಾಗ ಬಚ್ಚಲಲ್ಲಿ ಗೋಡೆ ಹಿಡಿದು ನಿಂತೆ. ಆಮೇಲೆ ಡಾಕ್ಟರು ಇದನ್ನು ಮೊದಲೇ ಹೇಳಿದ್ದು ನೆನಪಾಯಿತು. ಗುಳಿಗೆಗಳನ್ನು ಅರಳೆಯ ಪಿಂಡಿಯೊಳಗೆ ಮುಚ್ಚಿಡುತ್ತಿದ್ದೆ. ಯಾರಿಗೂ ಹತ್ತುವುದಿಲ್ಲವೆಂದು ಗೊತ್ತಿದ್ದೂ ನನ್ನ ತಾಟು, ಲೋಟ ಬೇರೆ ಮಾಡಿಕೊಂಡೆ. ಅತ್ತೆ ಅದನ್ನು ನೋಡಿದರು.

ಆ ದಿನಗಳಲ್ಲಿ ನಾನು ಹೇಗಿದ್ದೆ ಎಂದು ಕೇಳಿದರೆ ಹೇಳಲು ಹೆಚ್ಚಿಲ್ಲ. ಊಟ ಮಾಡುತ್ತಿದ್ದೆ, ಗುಳಿಗೆ ನುಂಗುತ್ತಿದ್ದೆ, ಬಾಗಿಲ ಹತ್ತಿರ ಕುಳಿತು ರಸ್ತೆ ನೋಡುತ್ತಿದ್ದೆ. ಹೆದರಿಕೆ ಇದ್ದಿರಬೇಕು, ಆದರೆ ಅದು ನನ್ನ ಕೈಗೆ ಸಿಗುತ್ತಿರಲಿಲ್ಲ. ಹಲ್ಲು ಕೀಳಲು ಚುಚ್ಚುಮದ್ದು ಕೊಟ್ಟ ಮೇಲೆ ಗಲ್ಲ ಇರುತ್ತದಲ್ಲ, ಇದೆ ಎಂದು ಗೊತ್ತು, ಮುಟ್ಟಿದರೆ ಗೊತ್ತಾಗುವುದಿಲ್ಲ, ನಾನು ಪೂರ್ತಿ ಹಾಗಿದ್ದೆ. ಇದನ್ನು ಓದುವವರಲ್ಲಿ ಯಾರಿಗಾದರೂ ಹಾಗೆ ಆಗಿದ್ದರೆ, ನಿಮಗೆ ಕರುಳಿಲ್ಲವೆಂದು ತಿಳಿಯಬೇಡಿ. ನನಗೂ ಹಾಗೇ ಆಗಿತ್ತು.

ಎರಡನೆಯ ತಿಂಗಳು ಮುಗಿಯುತ್ತ ವಾಂತಿ ಶುರುವಾಯಿತು. ಅನ್ನದ ವಾಸನೆ ಬಂದರೂ ಹೊಟ್ಟೆ ತೊಳೆಸುತ್ತಿತ್ತು. ನಮ್ಮ ಮನೆಯವರು ಅರಳೆ ತರಲು ಬೇರೆ ಊರಿಗೆ ಹೋಗಿದ್ದರು. ಅತ್ತೆ ನನ್ನನ್ನು ಓಣಿಯ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. "ಹಾರ್ಟಿನ ಪೇಶಂಟ್ ಅದಾಳ್ರಿ," ಎಂದು ತಾವೇ ಹೇಳಿದರು.

ಡಾಕ್ಟರು ನನ್ನ ಕಡೆ ನೋಡಿ, "ಏನೇನು ಗುಳಿಗಿ ನಡದಾವ?" ಎಂದರು.

ಒಂದು ಪಕ್ಕದಲ್ಲಿ ಅತ್ತೆ ನಿಂತಿದ್ದರು. ಇನ್ನೊಂದು ಪಕ್ಕದಲ್ಲಿ ಒಬ್ಬ ಹೆಂಗಸು ಕುಳಿತಿದ್ದಳು, ಅವಳ ಮಗಳ ಮದುವೆಯ ಗಾದಿಯನ್ನು ನಾವೇ ಹೊಲಿಯುತ್ತಿದ್ದೆವು. "ಹಾರ್ಟಿನವ್ರಿ," ಎಂದೆ. "ಹೆಸರು ಗೊತ್ತಿಲ್ರಿ."

ಅವರು ಪಿತ್ತಕ್ಕೆ ಔಷಧ ಬರೆದರು. ನಾನು ಅದನ್ನೂ ತೆಗೆದುಕೊಂಡೆ, ಅರಳೆಯೊಳಗಿನ ಗುಳಿಗೆಗಳನ್ನೂ ನುಂಗುತ್ತ ಹೋದೆ. ತಪ್ಪಿಸಬೇಡಿ ಎಂದಿದ್ದರಲ್ಲ. ಒಂದು ವಾರದ ಮೇಲೆ ಅತ್ತೆ ನನ್ನ ಕಣ್ಣುರೆಪ್ಪೆ ಎಳೆದು ನೋಡಿದರು. ಅರಿಷಿಣದ ಹಾಗೆ ಹಳದಿಯಾಗಿತ್ತು. ಆ ಹೊತ್ತಿಗೆ ನಾನು ಎದ್ದು ನಿಲ್ಲಲಾರದವಳಾಗಿದ್ದೆ, ಮಾತು ಮರೆತು ಮರೆತು ಹೋಗುತ್ತಿತ್ತು. ಬಾಡಿಗೆ ಗಾಡಿ ಮಾಡಿ ಹಾವೇರಿಗೆ ಕರೆದೊಯ್ದರು. ಗಾಡಿಯಲ್ಲಿ ನನ್ನ ತಲೆ ಅತ್ತೆಯ ತೊಡೆಯ ಮೇಲಿತ್ತು.

ಅದೇ ಹೆಣ್ಣು ಡಾಕ್ಟರು ಇದ್ದರು. ಕಣ್ಣು ನೋಡಿ, ಹೊಟ್ಟೆ ಒತ್ತಿ, ರಕ್ತ ಪರೀಕ್ಷೆಗೆ ಕಳಿಸಿದರು. ಅದು ಬಂದ ಮೇಲೆ ಕುರ್ಚಿ ಎಳೆದುಕೊಂಡು ನನ್ನ ಹತ್ತಿರ ಕುಳಿತರು. "ಗುಳಿಗಿ ಲಿವರಿಗೆ ಹತ್ಯಾವ. ಕೆಲವರಿಗೆ ಹಂಗಾಗ್ತದ. ವಾಂತಿ ಶುರು ಆದ ದಿನಾನ ನಿಲ್ಲಿಸಿ ಬರಬೇಕಿತ್ತು. ಅಲ್ಲಿ ಡಾಕ್ಟರಿಗೆ ಟಿ.ಬಿ. ಗುಳಿಗಿ ನಡದಾವ ಅಂತ ಯಾಕ ಹೇಳಲಿಲ್ಲ? ಇನ್ನ ನಾಲ್ಕು ದಿನ ಕಳದಿದ್ರ ನಿಮ್ಮನ್ನ ಉಳಿಸೂದು ನನ್ನ ಕೈಯಾಗ ಇರತಿರಲಿಲ್ಲ."

ಮನೆಯವರಿಗೆಲ್ಲ ಗೊತ್ತಿದೆ ಎಂದೇ ಅವರು ತಿಳಿದಿದ್ದರು. ಅತ್ತೆ ನನ್ನ ಕಾಲ ಹತ್ತಿರ ಸ್ಟೂಲಿನ ಮೇಲೆ ಕುಳಿತಿದ್ದರು. ನಮ್ಮ ಮನೆಯವರು ನೆಲ ನೋಡಿದರು. ನಾನು ಕಣ್ಣು ಮುಚ್ಚಿದೆ. ಸಾಯುವುದು ಅಷ್ಟು ದೊಡ್ಡದಾಗಿ ಕಾಣಲಿಲ್ಲ, ಅತ್ತೆ ಎದ್ದು ಹೋಗುವ ಸಪ್ಪಳ ಕೇಳಬಾರದು ಎನ್ನಿಸಿತು. ಸ್ಟೂಲು ಅಲುಗಲಿಲ್ಲ.

"ಡಾಕ್ಟರ್ ಅವ್ವಾರ, ಒಂದು ಮಾತು ಕೇಳತೇನ್ರಿ," ಎಂದರು ಅತ್ತೆ. "ಇದು ಗಾದಿಯಿಂದ ಬರತೈತೇನ್ರಿ?"

"ಗಾದಿಯಿಂದ?"

"ಟಿ.ಬಿ. ಆದೋರು ಮಲಗಿದ್ದ ಗಾದಿ. ಅದರ ಅರಳಿ ಹಿಂಜಿದ್ರ ನಮಗ ಬರತೈತ್ಯಾ?"

"ಇಲ್ಲಜ್ಜಿ. ಎದಿ ಟಿ.ಬಿ. ಇದ್ದೋರು ಕೆಮ್ಮಿದ್ರ ಗಾಳ್ಯಾಗ ಬರ್ತದ. ಗಾದಿ, ಅರಿವಿ, ತಾಟು, ಇವುಗಳಿಂದ ಬರೂದಿಲ್ಲ. ನಿಮಗ ಅನುಮಾನ ಇದ್ರ ಬಿಸಿಲಿಗೆ ಹಾಕ್ರಿ, ಮುಗೀತು. ನಿಮ್ಮ ಸೊಸಿದಂತೂ ಹೃದಯದ್ದು, ಯಾರಿಗೂ ಹತ್ತೂದಿಲ್ಲ."

ಅತ್ತೆ ತಲೆ ಅಲ್ಲಾಡಿಸಿದರು.

ಒಂಬತ್ತು ದಿನ ಆಸ್ಪತ್ರೆಯಲ್ಲಿದ್ದೆ, ಒಂಬತ್ತು ದಿನವೂ ಅತ್ತೆ ಜೊತೆಗಿದ್ದರು. ಗಂಜಿ ಕುಡಿಸಿದರು, ತಲೆ ಬಾಚಿದರು, ನನ್ನ ಲೋಟದಲ್ಲೇ ತಾವೂ ನೀರು ಕುಡಿದರು. ಬೇನೆಯ ಮಾತು ಎತ್ತಿದ್ದು ಒಂದೇ ಸಲ. "ನಿಮ್ಮಣ್ಣಗ ಗೊತ್ತಿತ್ತು?" ಎಂದು ಕೇಳಿದರು.

"ಹೂಂ ಅತ್ತಿ."

"ನನಗ ಒಬ್ಬಾಕಿಗೆ ಗೊತ್ತಿರಲಿಲ್ಲ."

ಅದನ್ನು ಅವರು ಸಿಟ್ಟಿನಿಂದ ಹೇಳಲಿಲ್ಲ. ಸಿಟ್ಟಿನಿಂದ ಹೇಳಿದ್ದರೆ ನಾನು ಏನಾದರೂ ಅನ್ನಬಹುದಿತ್ತು.

ಮನೆಗೆ ಬಂದ ಮರುದಿನ ಬೆಳಿಗ್ಗೆ ಅತ್ತೆ ನನ್ನ ಗಾದಿಯನ್ನು ಹೊರಗೆ ಎಳೆದರು. ನಾನು ಒಳಗಿನಿಂದ ನೋಡಿದೆ. ಸುಡುತ್ತಾರೆ ಎಂದುಕೊಂಡೆ. ಕಡ್ಡಿಪೆಟ್ಟಿಗೆ ಒಲೆಯ ಹತ್ತಿರ ಇದೆ ಎಂದೂ ಹೇಳಿಬಿಡುತ್ತಿದ್ದೆನೇನೋ, ಮನಸ್ಸು ಹಾಗಿತ್ತು. ಅವರು ಒಳಗೆ ಬಂದು ಒಲೆಯ ಹತ್ತಿರ ಹೋಗಲಿಲ್ಲ. ಗೋಡೆಯ ಮೇಲೆ ತೂಗುಹಾಕಿದ್ದ ಮಾವನ ಬಿಲ್ಲನ್ನು ಇಳಿಸಿದರು. ಮಷೀನು ಬರುವ ಮೊದಲು ಆ ಬಿಲ್ಲಿನಿಂದಲೇ ಅರಳೆ ಹಿಂಜುತ್ತಿದ್ದರು. ಮಾವ ತೀರಿದ ಮೇಲೆ ಅದನ್ನು ಯಾರೂ ಮುಟ್ಟಿರಲಿಲ್ಲ.

"ಮಷೀನಿಗೆ ಹಾಕತೇನಿ ಬಿಡಬೇ," ಎಂದರು ನಮ್ಮ ಮನೆಯವರು.

"ಮಷೀನ್ ಒಳಗೈತಿ. ನಾ ಹೊರಗ ಹಿಂಜತೇನಿ," ಎಂದರು ಅತ್ತೆ.

ರಸ್ತೆಗೆ ಮುಖ ಮಾಡಿ ಚಾಪೆ ಹಾಸಿದರು. ಹೊಲಿಗೆ ಬಿಚ್ಚಿ ಅರಳೆಯನ್ನು ಬಿಸಿಲಿಗೆ ಹರವಿದರು. ಮಧ್ಯಾಹ್ನದ ಮೇಲೆ ಬಿಲ್ಲು ಹಿಡಿದು ಕುಳಿತರು. ಆ ಸಪ್ಪಳಕ್ಕೆ ಓಣಿಯ ಜನ ಹೊರಗೆ ಬಂದರು. ಆ ಮದುವೆ ಮನೆಯ ಹೆಂಗಸೂ ಬಂದಳು. "ಯಾರು ಮಲಗಿದ ಗಾದಿ, ಕಾಸಿಂಬವ್ವ?" ಎಂದು ಕೇಳಿದಳು. ನಮ್ಮ ಪ್ರಶ್ನೆ ಊರಿಗೆಲ್ಲ ಬಾಯಿಪಾಠವಾಗಿದೆ.

"ನಮ್ಮ ಮಾಬೂಬಿದು. ಆಕಿಗೆ ಟಿ.ಬಿ. ಆಗೇತಿ. ಹಾರ್ಟಿಗೆ ಆಗೇತಿ. ಗಾದಿಯಿಂದ ಹತ್ತೂದಿಲ್ಲಂತ, ಡಾಕ್ಟರ್ ಹೇಳ್ಯಾರ," ಎಂದರು ಅತ್ತೆ. ಕೈ ನಿಲ್ಲಿಸಲಿಲ್ಲ. ಎಳೆ ಎಳೆಯಾಗಿ ಅರಳೆ ಅವರ ತಲೆಯ ಮೇಲೆ, ಹುಬ್ಬಿನ ಮೇಲೆ ಕೂರುತ್ತಿತ್ತು. ಒಳಗೆ ಕುಳಿತ ನನಗೆ ಎಲ್ಲ ಕೇಳಿಸಿತು. ನಮ್ಮ ಮನೆಯವರು ಬಾಗಿಲು ಅರ್ಧ ಮುಚ್ಚಿದರು, ಮತ್ತೆ ತೆರೆದರು.

ಆ ವಾರ ಮದುವೆ ಮನೆಯವರು ಅರ್ಧ ಹೊಲಿದ ಗಾದಿಯನ್ನು ಹಿಂದಕ್ಕೆ ಒಯ್ದರು. ಇನ್ನೂ ಇಬ್ಬರು ಒಯ್ದರು. ಎಲ್ಲರೂ ಒಯ್ಯಲಿಲ್ಲ. ಅತ್ತೆ ನನ್ನ ಗಾದಿಯನ್ನು ಎರಡು ದಿನದಲ್ಲಿ ಹೊಲಿದು ಮುಗಿಸಿದರು. ಗಂಟು ಉಳಿದಿದೆಯೇ ಎಂದು ಪ್ರತಿ ಗಾದಿಯ ಮೇಲೂ ಒಮ್ಮೆ ಮಲಗಿ ನೋಡುವುದು ಅವರ ರೂಢಿ. ನನ್ನದರ ಮೇಲೂ ಮಲಗಿದರು. ಮಗ್ಗುಲಾಗಿ ಹೊರಳಿ, "ಇಲ್ಲೊಂಚೂರು ಗಟ್ಟಿ ಆಗೇತಿ," ಎಂದು ಎದ್ದು ಮತ್ತೆ ದಬ್ಬಳ ಹಿಡಿದರು.

ಗುಳಿಗೆಗಳನ್ನು ಕೆಲವು ದಿನ ನಿಲ್ಲಿಸಿ, ಆಮೇಲೆ ಒಂದೊಂದಾಗಿ ಮತ್ತೆ ಶುರು ಮಾಡಿದರು. ಈ ಸಲ ರಾಣೆಬೆನ್ನೂರಿನಲ್ಲೇ ತೆಗೆದುಕೊಂಡೆ. ಎದೆಗೆ ಮತ್ತೆ ಯಂತ್ರ ಹಿಡಿದು ನೋಡಿದಾಗ ನೀರು ಹೋಗಿತ್ತು. ಗಲೀಫು ಸ್ವಲ್ಪ ದಪ್ಪವಾಗಿದೆ, ಆದರೆ ಹೃದಯವನ್ನು ಹಿಡಿದಿಲ್ಲ ಎಂದರು. ಈಗಲೂ ಅಟ್ಟ ಹತ್ತಿದರೆ ನಡುವೆ ಒಮ್ಮೆ ನಿಲ್ಲಬೇಕು, ನಿಲ್ಲುತ್ತೇನೆ. ಇವೆಲ್ಲ ಒಳ್ಳೆಯ ಸುದ್ದಿಗಳೇ. ಕೇಳಿದಾಗ "ಹೌದಾ" ಎಂದೆ, ಅಷ್ಟೇ.

ಬೇಸಿಗೆಯ ಒಂದು ದಿನ ಅತ್ತೆ ಎಲೆ ಅಡಿಕೆ ಹಾಕಿಕೊಳ್ಳುತ್ತ, "ಆ ಕುಪ್ಪೇಲೂರಿನಾಕಿ ಬಂದಿದ್ಲಲ್ಲ, ನಾ ಇಲ್ಲದಾಗ. ಆಕಿ ಮನಿ ಹುಡುಕಾಕ ಆಗತೈತೇನ?" ಎಂದರು. ಅವರಿಗೂ ಅದು ನೆನಪಿತ್ತು. ಆ ಸಂಜೆಯಾದ ಮೇಲೆ ನಾನು ಗಂಗವ್ವನ ಹೆಸರನ್ನು ಬಾಯಿಬಿಟ್ಟು ಒಮ್ಮೆಯೂ ಹೇಳಿರಲಿಲ್ಲ.

ಬಸ್ಸಿನಲ್ಲಿ ಹೋದೆವು. ಸೀಟು ಸಿಕ್ಕಿತು. ಕುಪ್ಪೇಲೂರಿನಲ್ಲಿ ಇಳಿದು ಎರಡು ಕಡೆ ಕೇಳುವಷ್ಟರಲ್ಲಿ ಮನೆ ಸಿಕ್ಕಿತು. ಗಂಗವ್ವ ಸೆಗಣಿ ಸಾರಿಸಿದ ಪಡಸಾಲೆಯಲ್ಲಿ ಕುಳಿತು ಕಾಳು ಹಸನು ಮಾಡುತ್ತಿದ್ದಳು. ನನ್ನನ್ನು ಕೂಡಲೇ ಗುರುತು ಹಿಡಿದಳು. ನಾನು ಅವಳನ್ನು ಮರೆತಿದ್ದೆ, ಅವಳು ನನ್ನನ್ನು ಮರೆತಿರಲಿಲ್ಲ. "ಬರ್ರಿ, ಕುಂದ್ರಿ," ಎಂದು ಚಾಪೆ ಹಾಸಿ ನೀರು ಕೊಟ್ಟಳು.

ಏನು ಹೇಳಬೇಕೆಂದು ಬಸ್ಸಿನಲ್ಲಿ ಯೋಚಿಸಿಕೊಂಡಿದ್ದೆಲ್ಲ ಹೋಯಿತು. "ನನಗೂ ಅದ ಆಗೇತ್ರಿ," ಎಂದೆ. "ಟಿ.ಬಿ."

ಅವಳು ಮೊರವನ್ನು ಕೆಳಗಿಟ್ಟಳು. "ಎದಿಗೇನ್ರಿ?"

"ಹೃದಯಕ್ಕ."

"ಗುಳಿಗಿ ಬಿಡಬ್ಯಾಡ್ರಿ. ನಮ್ಮವ್ರು ನಡಕ ಬಿಟ್ರು. ಅದಕ್ಕ ಹಂಗಾತು," ಎಂದಳು. ನನ್ನ ಬೇನೆ ಕೇಳಿ ಅವಳು ಹೇಳಿದ್ದು ಅದು.

ಆಗ ಅತ್ತೆ ಹೇಳಿದರು, "ತಂಗೀ, ಆ ಗಾದಿ ಕೊಡು. ನಾವು ಹಿಂಜಿ ಹೊಲದು ಕೊಡತೇವಿ. ನಮ್ಮದು ತಪ್ಪಾಗಿತ್ತು."

ಗಂಗವ್ವ ನನ್ನ ಮುಖ ನೋಡಿದಳು. ಅವಳ ಮಾತಿನಲ್ಲಿ ಕುಟುಕಿರಲಿಲ್ಲ, ಕೇಳಿದ್ದಕ್ಕೆ ಉತ್ತರ ಕೊಟ್ಟಳು, ಅಷ್ಟೇ. "ಅದನ್ನ ಸುಟ್ಟೆನ್ರಿ. ನೀವು ಹೇಳಿದ್ರಲ್ಲ."

ಪಡಸಾಲೆಯ ಮೂಲೆಯಲ್ಲಿ ಗೊಬ್ಬರದ ಚೀಲಗಳನ್ನು ಸೇರಿಸಿ ಹೊಲಿದ ಒಂದು ಹಾಸಿಗೆ ಸುತ್ತಿಟ್ಟಿತ್ತು. ನಾನು ಅದನ್ನು ನೋಡಿದ್ದನ್ನು ಅವಳು ನೋಡಿದಳು. ಎದೆಯಲ್ಲಿ ಏನೋ ಹಿಡಿದಂತಾಗಿ ನೀರು ಮತ್ತೆ ತುಂಬಿತೇನೋ ಎಂದು ಗಾಬರಿಯಾದೆ. ನೀರಲ್ಲ, ನೋವು. ಹೀನ ಕೆಲಸ ಮಾಡಿದ್ದೆ, ಮಾಡಿ ಚಹಾ ಕುಡಿದಿದ್ದೆ. ಬೇನೆ ಶುರುವಾದಾಗಿನಿಂದ ಬಾರದಿದ್ದ ಅಳು ಅವಳ ಪಡಸಾಲೆಯಲ್ಲಿ, ಅವಳ ಮುಂದೆ ಬಂತು. ಸೆರಗು ಬಾಯಿಗೆ ಹಿಡಿದು ಅತ್ತುಬಿಟ್ಟೆ.

ಅತ್ತೆ ನನ್ನನ್ನು ಸಂತೈಸಲಿಲ್ಲ. ಎದ್ದು ಮೊಣಕಾಲೂರಿ ಪಡಸಾಲೆಯ ನೆಲದ ಮೇಲೆ ಮೊಳ ಹಾಕತೊಡಗಿದರು. "ನಮ್ಮ ಅರಳಿ ಹಾಕಿ ಹೊಸಾದು ಮಾಡತೇವಿ. ಎಷ್ಟಿತ್ತು ಅದು? ಇಲ್ಲಿತನಕ ಇತ್ತ್ಯಾ?" ಎಂದು ಕೇಳಿದರು.

ಗಂಗವ್ವ ಆ ಕೈಯನ್ನು ನೋಡಿದಳು. ಆಮೇಲೆ ಬಗ್ಗಿ ಅತ್ತೆಯ ಕೈ ಹಿಡಿದು ಅರ್ಧಕ್ಕೆ ತಂದಿಟ್ಟಳು.

"ಇಷ್ಟು ಸಾಕ್ರಿ," ಎಂದಳು. "ಒಬ್ಬಾಕಿಗೆ."